ಸಂದರ್ಶನ ಕೆಟ್ಟಾಗ: ಒಳಗೆ ಮಾಡಬೇಕಾದದ್ದು, ಹೊರಬಂದ ಮೇಲೆ ಬರೆಯಬೇಕಾದದ್ದು

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ನಾನು ಎದುರಿಸಿದ ಮೊದಲ ಸಂದರ್ಶನದಲ್ಲಿ, 1000 ಸಂಖ್ಯೆಗಳ ಪಟ್ಟಿಯಿಂದ ಒಂದನ್ನು ಬೈನರಿ ಸರ್ಚ್ (ನಡುವಿನ ಸಂಖ್ಯೆಯೊಂದಿಗೆ ಹೋಲಿಸಿ, ಬೇಡದ ಅರ್ಧವನ್ನು ಬಿಡುತ್ತ ಹೋಗುವ ವಿಧಾನ) ಮೂಲಕ ಹುಡುಕಲು ಹೆಚ್ಚೆಂದರೆ ಎಷ್ಟು ಹೋಲಿಕೆ ಬೇಕು ಎಂದು ಕೇಳಿದರು. ಪ್ರತಿ ಹೋಲಿಕೆಗೂ ಪಟ್ಟಿ ಅರ್ಧಕ್ಕೆ ಇಳಿಯುವುದರಿಂದ 10 ಸಾಕು ಎಂದೆ; ಆದರೆ ಸಂಖ್ಯೆಗಳು ಮೊದಲೇ ಕ್ರಮವಾಗಿ ಜೋಡಣೆಯಾಗಿರಬೇಕು ಎಂಬುದನ್ನು ಹೇಳಲು ಮರೆತೆ. "ಕ್ರಮದಲ್ಲಿ ಇಲ್ಲದಿದ್ದರೆ?" ಎಂದು ಅವರು ಕೇಳಿದೊಡನೆ ನಾಲಿಗೆ ಒಣಗಿತು. ಆ ತಪ್ಪನ್ನೇ ಮೆಲುಕು ಹಾಕುತ್ತ ಕುಳಿತಿದ್ದರಿಂದ, ನಾನೇ ಮಾಡಿದ ಪ್ರಾಜೆಕ್ಟ್ ಬಗ್ಗೆ ಕೇಳಿದ ಎರಡು ಸುಲಭ ಪ್ರಶ್ನೆಗಳೂ ಕೈತಪ್ಪಿದವು. ಮೊದಲ ಉತ್ತರದಿಂದ ಆದ ನಷ್ಟ ಅಲ್ಪ. ಅದನ್ನು ನೆನೆದು ಕಳೆದ 20 ನಿಮಿಷಗಳೇ ಕೆಲಸ ತಪ್ಪಿಸಿದವು ಎಂದು ಈಗಲೂ ನಂಬುತ್ತೇನೆ.

ಆದ್ದರಿಂದ ಒಳಗಿದ್ದಾಗಲೇ ತಪ್ಪು ಹೊಳೆದರೆ, "ಕ್ಷಮಿಸಿ, ಹಿಂದಿನ ಉತ್ತರದಲ್ಲಿ ಒಂದು ಮಾತು ಬಿಟ್ಟುಹೋಯಿತು, ಸೇರಿಸಬಹುದೇ?" ಎಂದು ಕೇಳಿ, ಒಂದೇ ವಾಕ್ಯದಲ್ಲಿ ತಿದ್ದಿ, ಅಲ್ಲಿಗೆ ಬಿಡಬೇಕು. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಹೇಳಿ, ಅದಕ್ಕೆ ಹತ್ತಿರದ ಯಾವುದು ಗೊತ್ತಿದೆಯೋ ಅದರಿಂದ ಯೋಚನೆ ಆರಂಭಿಸಬಹುದು. ಇಂಗ್ಲಿಷ್ ವಾಕ್ಯ ನಡುವೆ ಸಿಕ್ಕಿಕೊಂಡರೆ ಅದನ್ನು ಎಳೆಯದೆ ನಿಲ್ಲಿಸಿ, ಚಿಕ್ಕ ವಾಕ್ಯದಿಂದ ಮತ್ತೆ ಶುರುಮಾಡಬೇಕು, ಅಥವಾ ಕಾಗದ ಕೇಳಿ ಚಿತ್ರ ಬರೆದು ವಿವರಿಸಬೇಕು. ಎದುರಿಗಿರುವವರಲ್ಲಿ ಒಬ್ಬರಿಗೆ ಕನ್ನಡ ಬರುತ್ತದೆಂದು ತಿಳಿದರೂ, ಉಳಿದವರ ಒಪ್ಪಿಗೆ ಪಡೆಯದೆ ಭಾಷೆ ಬದಲಿಸುವುದು ಸರಿಯಲ್ಲ.

ಹೊರಬಂದವರು ಬಸ್ ಹತ್ತುವ ಮೊದಲೇ, ಗೆಳೆಯರಿಗೆ ಫೋನ್ ಮಾಡುವುದಕ್ಕೂ ಮುಂಚೆ, ಕೇಳಿದ ಪ್ರಶ್ನೆಗಳನ್ನೆಲ್ಲ ಕೇಳಿದ ಕ್ರಮದಲ್ಲಿ ಪುಸ್ತಕದಲ್ಲಿ ಬರೆದಿಡಬೇಕು. ಒಮ್ಮೆ ಬಾಯಿಬಿಟ್ಟು ಕಥೆ ಹೇಳಿದೆವೆಂದರೆ ಚೆನ್ನಾಗಿ ಉತ್ತರಿಸಿದ ಪ್ರಶ್ನೆಗಳು ಮರೆತುಹೋಗಿ, ಕೆಟ್ಟದ್ದು ಮಾತ್ರ ದೊಡ್ಡದಾಗಿ ಉಳಿಯುತ್ತದೆ. ಬರೆದ ಮೇಲೆ ಪ್ರತಿ ಪ್ರಶ್ನೆಯ ಮುಂದೆ "ಗೊತ್ತಿರಲಿಲ್ಲ" ಅಥವಾ "ಗೊತ್ತಿತ್ತು, ಹೇಳಲಾಗಲಿಲ್ಲ" ಎಂದು ಗುರುತು ಹಾಕಿ. ಮೊದಲನೆಯದಕ್ಕೆ ಓದು ಸಾಕು. ಕನ್ನಡ ಮಾಧ್ಯಮದಲ್ಲಿ ಕಲಿತು ಬಂದ ನನ್ನಂಥವರ ಪುಟದಲ್ಲಿ ಎರಡನೆಯದೇ ಹೆಚ್ಚಿರುತ್ತದೆ, ಅದಕ್ಕೆ ಇನ್ನಷ್ಟು ಓದುವುದು ಮದ್ದಲ್ಲ. ಅದೇ ಪ್ರಶ್ನೆಗೆ ಮೊದಲು ಕನ್ನಡದಲ್ಲಿ, ತಮ್ಮನಿಗೋ ತಂಗಿಗೋ ಅರ್ಥವಾಗುವಂತೆ ಹೇಳಿ, ಆಮೇಲೆ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿ ಮೊಬೈಲ್‌ನಲ್ಲಿ ಧ್ವನಿಮುದ್ರಿಸಿಕೊಳ್ಳಬೇಕು. ಎಲ್ಲಿ ತಡವರಿಸುತ್ತೇವೆಂಬುದು ಕೇಳಿದಾಗಲೇ ತಿಳಿಯುತ್ತದೆ. ಜಾತಿ, ಮದುವೆ, ಮಕ್ಕಳ ಬಗ್ಗೆ ಕೇಳಿದ್ದರೆ ಆ ಪ್ರಶ್ನೆಗಳನ್ನು ಈ ಲೆಕ್ಕಕ್ಕೆ ಸೇರಿಸಲೇಬೇಡಿ. ಅದು ನಿಮ್ಮ ಕೊರತೆಯಲ್ಲ.

ಅದೇ ದಿನ ಸಂಜೆಯೊಳಗೆ ಒಂದು ಚಿಕ್ಕ ಇಮೇಲ್ ಕಳಿಸುವುದು ಒಳ್ಳೆಯದು. ಧನ್ಯವಾದ ತಿಳಿಸಿ, ಒಂದೇ ಒಂದು ಉತ್ತರವನ್ನು ತಿದ್ದಿದರೆ ಸಾಕು: "ಪಟ್ಟಿ ಕ್ರಮದಲ್ಲಿ ಇಲ್ಲದಿದ್ದರೆ ಒಂದೊಂದನ್ನೇ ನೋಡಬೇಕಾಗುತ್ತದೆ, ಆಗ 1000 ಹೋಲಿಕೆಯೂ ಬೇಕಾಗಬಹುದು." ಜ್ವರವಿತ್ತು, ನಿದ್ದೆಯಿರಲಿಲ್ಲ ಎಂಬ ಸಮಜಾಯಿಷಿ ಬೇಡ. ವಿಡಿಯೊ ಕರೆ ನಿಜವಾಗಿಯೂ ಕಡಿದುಹೋಗಿದ್ದರೆ ಮಾತ್ರ, ಫಲಿತಾಂಶ ಬರುವ ಮೊದಲೇ ತಿಳಿಸಿ ಇನ್ನೊಂದು ಸಮಯ ಕೇಳಬೇಕು.

ಸರ್ಕಾರಿ ಪರೀಕ್ಷೆ ಬರೆದವರು ಅಂಕಗಳ ಲೆಕ್ಕವನ್ನೂ ನೆನಪಿಡಬೇಕು. ಯುಪಿಎಸ್‌ಸಿ ನಾಗರಿಕ ಸೇವಾ ಪರೀಕ್ಷೆಯ ಒಟ್ಟು 2025 ಅಂಕಗಳಲ್ಲಿ ಸಂದರ್ಶನಕ್ಕಿರುವುದು 275, ಅದಕ್ಕೆ ಕನಿಷ್ಠ ಅರ್ಹತಾ ಅಂಕವೂ ಇಲ್ಲ. ಮುಖ್ಯ ಪರೀಕ್ಷೆಯಲ್ಲಿ ಗಳಿಸಿದ್ದು ಕೈಬಿಡುವುದಿಲ್ಲ.

ಆಯ್ಕೆಯಾಗಿಲ್ಲವೆಂಬ ಪತ್ರ ಬಂದರೆ ಕಾರಣವನ್ನು ಒಮ್ಮೆ ಮಾತ್ರ ವಿನಯದಿಂದ ಕೇಳಿ, ಮತ್ತೆ ಯಾವಾಗ ಅರ್ಜಿ ಹಾಕಬಹುದೆಂದು ತಿಳಿದುಕೊಳ್ಳಿ. ಆ ದಿನಾಂಕವನ್ನು ಅದೇ ಪ್ರಶ್ನೆಗಳ ಪುಟದ ಮೇಲೆ ಬರೆದಿಡಿ. ಮುಂದಿನ ಸಂದರ್ಶನದ ಹಿಂದಿನ ರಾತ್ರಿ ಓದಬೇಕಾದದ್ದು ಆ ಪುಟವನ್ನೇ.