ಹೊಟ್ಟೆ ಮೇಲೆ ಮಂಡಕ್ಕಿ

ಮಗನಿಗೆ ಆಗ ಹದಿನಾಲ್ಕು ತಿಂಗಳು. ನಡಿಗೆ ಬಂದಿರಲಿಲ್ಲ. ಕೈಯೂರಿ ಬಗ್ಗಿ, ಎರಡು ಕಾಲ ಸಂದಿಯಿಂದ ಹಿಂದಕ್ಕೆ ನೋಡಿ ಕಿಲಕಿಲ ನಗುವುದು ಅವನ ಹೊಸ ಆಟ. "ಹಿಂದೆ ಇನ್ನೊಬ್ರು ಬರ್ತಿದಾರಂತೆ, ನೋಡವ್ವ" ಅಂದರು ಅತ್ತೆ. ನಾನು ನಕ್ಕು ಸುಮ್ಮನಾದೆ. ಹದಿನೈದು ದಿನ ಕಳೆದ ಮೇಲೆ ಕಡ್ಡಿಯಲ್ಲಿ ಎರಡು ಗೆರೆ ಬಂತು! ಆ ಕ್ರೆಡಿಟ್ಟನ್ನು ಅತ್ತೆ ಇವತ್ತಿಗೂ ಬಿಟ್ಟುಕೊಟ್ಟಿಲ್ಲ.

ಒಂದು ಹೆರಿಗೆಯಾದ ಮೇಲೆ ಮುಂದಿನ ಬಸಿರಿಗೆ ಕನಿಷ್ಠ ಎರಡು ವರ್ಷ ಬಿಡಿ ಅಂತ ಡಾಕ್ಟರು ಹೇಳುತ್ತಾರೆ. ನಮ್ಮ ಲೆಕ್ಕ ತಪ್ಪಿತು, ಅಷ್ಟೆ. ಮೊದಲ ಪರೀಕ್ಷೆಯಲ್ಲೇ ನನ್ನ ಹಿಮೋಗ್ಲೋಬಿನ್ 9.8. ಬಸುರಿಗೆ 11 ಆದರೂ ಇರಬೇಕು. ಮೊದಲ ಬಸಿರಿನಲ್ಲಿ ಸುಸ್ತಾದರೆ ಮಲಗುತ್ತಿದ್ದೆ. ಈ ಸಲ ಮಲಗಿದರೆ ಎದೆ ಮೇಲೆ ಒಬ್ಬ ಹತ್ತಿ ಕೂರುತ್ತಿದ್ದ.

ಅವನು ಮೊದಲ ಹೆಜ್ಜೆ ಇಟ್ಟಿದ್ದು ಹದಿನೈದೂವರೆ ತಿಂಗಳಿಗೆ. ಪಕ್ಕದ ಮನೆಯವರಿಗೆ ಅದು ತಡ. ಹದಿನೇಳು ಹದಿನೇಳೂವರೆ ತಿಂಗಳವರೆಗೂ ನಡಿಗೆಗೆ ಕಾಯಬಹುದು ಅಂತ ಗೊತ್ತಿದ್ದರೂ ನನಗೂ ಒಳಗೊಳಗೇ ಅಳುಕು. ಅವತ್ತು ಬೆಳಿಗ್ಗೆ ನಾನು ಬಚ್ಚಲ ಹೊಸ್ತಿಲಲ್ಲಿ ಕೂತು ವಾಂತಿ ಮಾಡುತ್ತಿದ್ದೆ. ಹಿಂದಿನಿಂದ ಪುಟ್ಟ ಕೈ ಬೆನ್ನು ಮುಟ್ಟಿತು. ಗೋಡೆಯಿಂದ ನನ್ನವರೆಗೆ ನಾಲ್ಕು ಹೆಜ್ಜೆ ದೂರ. ಏನೂ ಹಿಡಿಯದೆ ಬಂದಿದ್ದ. ವಿಡಿಯೋ ಇಲ್ಲ, ಫೋಟೋ ಇಲ್ಲ. ನನ್ನ ಮುಖ ತೊಳೆದಿರಲಿಲ್ಲ, ವಿಡಿಯೋ ಇದ್ದಿದ್ದರೂ ಯಾರಿಗೂ ತೋರಿಸುತ್ತಿರಲಿಲ್ಲ ಬಿಡಿ.

ನಾಲ್ಕನೇ ತಿಂಗಳಲ್ಲಿ ಇಬ್ಬರಿಗೂ ಒಂದೇ ದಿನ ಸೂಜಿ. ಹೋದ ಬಸಿರಿನಲ್ಲಿ ಎರಡೂ ಡೋಸ್ ಆಗಿದ್ದರಿಂದ ನನಗೆ ಧನುರ್ವಾಯು, ಗಂಟಲಮಾರಿ ತಡೆಯುವ ಟಿಡಿ ಬೂಸ್ಟರ್ ಒಂದೇ ಸಾಕಾಯಿತು. ಅವನಿಗೆ ಡಿಪಿಟಿ ಬೂಸ್ಟರ್, ದಡಾರದ ಎರಡನೇ ಡೋಸು. ಮನೆಗೆ ಬಂದವನೇ ಪೆನ್ನು ಹಿಡಿದು ಎಲ್ಲರಿಗೂ ಚುಚ್ಚತೊಡಗಿದ. ಅಜ್ಜಿಗೆ, ಕುಕ್ಕರಿಗೆ, ಚನ್ನಪಟ್ಟಣದ ಮರದ ನಾಯಿಗೆ. ಚುಚ್ಚಿದ ಕೂಡಲೇ ತಾನೇ "ಆಆ" ಅಂತ ಅಳುವ ನಟನೆ, ಆಮೇಲೆ ಉಫ್ ಅಂತ ಊದುವುದು. ನೋಡಿದ್ದನ್ನು ನೆನಪಿಟ್ಟು ಇನ್ನೊಂದು ವಸ್ತುವಿನ ಮೇಲೆ ಆಡುವ ಬುದ್ಧಿ ಬರುವ ವಯಸ್ಸೇ ಅದು. ನಾನು ಚಾಪೆ ಮೇಲೆ ಮಲಗಿಕೊಂಡೇ ರೋಗಿಯಾದೆ. ಬಸುರಿಗೆ ಇದಕ್ಕಿಂತ ಒಳ್ಳೆಯ ಆಟ ಇಲ್ಲ. ದಿನಕ್ಕೆ ಅರ್ಧ ಗಂಟೆ ವಿಶ್ರಾಂತಿ ಗ್ಯಾರಂಟಿ.

ಅದೇ ಬುದ್ಧಿ ಒಮ್ಮೆ ನನ್ನ ಜೀವ ಬಾಯಿಗೆ ತಂದಿತು. ಆಶಾ ಅಕ್ಕ ಕೊಟ್ಟ ಕಬ್ಬಿಣಾಂಶದ ಕೆಂಪು ಮಾತ್ರೆಗಳನ್ನು ನಾನು ಅಡುಗೆಮನೆ ಕಟ್ಟೆ ಮೇಲೇ ಇಡುತ್ತಿದ್ದೆ, ಕಣ್ಣಿಗೆ ಬಿದ್ದರೆ ಮರೆಯುವುದಿಲ್ಲ ಅಂತ. ಹತ್ತೊಂಬತ್ತು ತಿಂಗಳಿಗೆ ಅವನು ಸ್ಟೂಲ್ ಎಳೆದು ಹತ್ತುವುದನ್ನು ಕಲಿತಿದ್ದು ನನ್ನ ಲೆಕ್ಕದಲ್ಲಿ ಇರಲಿಲ್ಲ. ಹೋಗಿ ನೋಡಿದರೆ ಮರದ ನಾಯಿಯ ಬಾಯಿ ಹತ್ತಿರ ಒಂದು ಮಾತ್ರೆ ಹಿಡಿದು "ಮಮ್ಮು, ಮಮ್ಮು" ಅನ್ನುತ್ತಿದ್ದಾನೆ. ಮಕ್ಕಳಿಗೆ ಆ ಮಾತ್ರೆ ಜಾಸ್ತಿ ಹೋದರೆ ವಿಷ, ಜೀವಕ್ಕೇ ಅಪಾಯ. ಮೊದಲು ಬಾಯಲ್ಲಿ ಬೆರಳು ಹಾಕಿ ನೋಡಿದೆ. ಆಮೇಲೆ ಸ್ಟ್ರಿಪ್ ಹಿಡಿದು ಎಣಿಸಿದೆ. ನಾನು ನುಂಗಿದ್ದು ಆರು, ಒಳಗೆ ಮೂರು, ಅವನ ಕೈಯಲ್ಲಿ ಒಂದು. ಹತ್ತು. ಇನ್ನೊಮ್ಮೆ ಎಣಿಸಿದೆ. ಕಾಲು ನಡುಗಿ ಅಲ್ಲೇ ನೆಲಕ್ಕೆ ಕೂತುಬಿಟ್ಟೆ. ಅವತ್ತೇ ಮಾತ್ರೆಗಳು ಬೀರುವಿನ ಮೇಲಿನ ಖಾನೆಗೆ ಹೋದವು, ಬೀಗದ ಒಳಗೆ. ಚಿಕ್ಕ ಮಗುವಿರುವ ಬಸುರಿಯರಿಗೆ ನಾನು ಬೇರೆ ಏನೂ ಹೇಳದಿದ್ದರೂ ಇದೊಂದನ್ನು ಹೇಳುತ್ತೇನೆ.

ಎತ್ತಿಕೊಳ್ಳುವ ವಿಷಯ ಕಷ್ಟದ್ದು. ನಮ್ಮಿಬ್ಬರ ದೊಡ್ಡ ಆಟ ಉಪ್ಪಿನ ಮೂಟೆ. ಬೆನ್ನ ಮೇಲೆ ಹೊತ್ತು "ಉಪ್ಪು ಬೇಕಾ ಉಪ್ಪು" ಅಂತ ಮನೆಯೆಲ್ಲ ಸುತ್ತುತ್ತಿದ್ದೆ. ಆರನೇ ತಿಂಗಳಲ್ಲಿ ಸೊಂಟ ಕೈಕೊಟ್ಟಿತು. ಮೊದಲೆರಡು ದಿನ ಅತ್ತ, ನೆಲಕ್ಕೆ ಬಿದ್ದು ಹೊರಳಾಡಿದ. ಮೂರನೇ ದಿನ ನಾನು ಅವನ ಬೆನ್ನಿಗೆ ಸಣ್ಣ ದಿಂಬು ಕಟ್ಟಿದೆ. ನಾನು ಕೂತಲ್ಲೇ ಗಿರಾಕಿ, ಅವನು ವ್ಯಾಪಾರಿ. "ಉಪ್ಪಾ, ಉಪ್ಪಾ" ಅಂತ ಮೂರು ರೂಮು ತಿರುಗಿ ಬರುತ್ತಿದ್ದ, ನಾನು ಚೌಕಾಸಿ ಮಾಡಿ ವಾಪಸ್ ಕಳಿಸುತ್ತಿದ್ದೆ. ಮಂಚಕ್ಕೆ ಹತ್ತಲು ಒಂದು ಮಣೆ ಇಟ್ಟೆ. ತಾನೇ ಹತ್ತಿ ತೊಡೆ ಮೇಲೆ ಬಂದು ಕೂತರೆ ನಾನು ಎತ್ತುವ ಕೆಲಸವೇ ಇಲ್ಲ.

ಬಂದವರೆಲ್ಲ ಅವನಿಗೆ ಹೇಳುವುದು ಒಂದೇ ಮಾತು. "ಇನ್ನು ನೀನು ಅಣ್ಣ ಆಗ್ತೀಯ, ದೊಡ್ಡವನಾದೆ, ಅಮ್ಮನ್ನ ಸತಾಯಿಸಬಾರದು." ನಾನೂ ಒಂದೆರಡು ಸಲ ಹೇಳಿದ್ದೇನೆ. ಒಂದು ರಾತ್ರಿ ನಿದ್ದೆಯಲ್ಲಿ ಅವನ ಅಂಗಾಲು ನನ್ನ ಅಂಗೈಗೆ ಒರಗಿತ್ತು. ನನ್ನ ಅಂಗೈಗಿಂತ ಗಿಡ್ಡ ಆ ಪಾದ. ಇವನನ್ನು ದೊಡ್ಡವನು ಅಂತೀವಲ್ಲ ಅನ್ನಿಸಿತು. ಮಾರನೇ ದಿನದಿಂದ ಮನೆಯಲ್ಲಿ ಆ ಮಾತು ಬಂದ್. ಅತ್ತೆಗೆ ಸ್ವಲ್ಪ ಬೇಜಾರಾಯಿತು, ಆದರೆ ನಿಲ್ಲಿಸಿದರು. "ತಮ್ಮನೋ ತಂಗಿನೋ" ಅಂತ ಅವನ ಬಾಯಿಂದ ಶಕುನ ಕೇಳುವುದನ್ನು ಮಾತ್ರ ಓಣಿಯವರು ಬಿಟ್ಟಿಲ್ಲ. ಯಾವುದು ಕೇಳಿದರೂ ಅವನ ಉತ್ತರ "ಬೌಬೌ".

ಏಳನೇ ತಿಂಗಳ ಒಂದು ಸಂಜೆ. ದಾವಣಗೆರೆಯ ಮನೆ ಅಂದ ಮೇಲೆ ಸಂಜೆಗೆ ಮಂಡಕ್ಕಿ ಇರಲೇಬೇಕು. ನಾನು ಗೋಡೆಗೆ ಒರಗಿ ಕಾಲು ಚಾಚಿದ್ದೆ. ಅವನು ಒಗ್ಗರಣೆ ಹಾಕುವ ಮೊದಲಿನ ಬರೀ ಮಂಡಕ್ಕಿಯನ್ನು ಒಂದೊಂದೇ ಹೆಕ್ಕಿ ನನ್ನ ಹೊಟ್ಟೆ ಮೇಲೆ ಸಾಲಾಗಿ ಇಡುತ್ತಿದ್ದ. ನಾಲ್ಕು ಇಟ್ಟ. ಐದನೆಯದು ಇಡುವಾಗ ಒಳಗಿನಿಂದ ಒಂದು ಒದೆ. ಎರಡು ಕಾಳು ಕೆಳಗೆ ಜಾರಿದವು. ಅವನ ಕೈ ಹಾಗೇ ಗಾಳಿಯಲ್ಲಿ ನಿಂತಿತು. ನನ್ನ ಮುಖ ನೋಡಿದ, ಹೊಟ್ಟೆ ನೋಡಿದ. ಮತ್ತೆ ಜೋಡಿಸಿದ, ಕಾದ. ಮತ್ತೊಂದು ಒದೆ ಬಂದಾಗ ಕುಣಿದೇ ಕುಣಿದ.

ಆಮೇಲೆ ಬಿದ್ದ ಕಾಳು ಎತ್ತಿ ನನ್ನ ಹೊಕ್ಕಳಿಗೆ ಒತ್ತಿ ಹಿಡಿದು ಹೇಳಿದ, "ಪಾಪು, ಮಮ್ಮು."

ಅಲ್ಲಿಯವರೆಗೆ ಅವನದೆಲ್ಲ ಒಂಟಿ ಪದ. ಎರಡು ಪದ ಕೂಡಿಸಿ ಆಡಿದ ಮೊದಲ ಮಾತು ಇದು. ಎರಡು ವರ್ಷದ ಹೊತ್ತಿಗೆ ಬರಬೇಕಾದ್ದು ಇಪ್ಪತ್ತು ತಿಂಗಳಿಗೆ ಬಂತು. ನಡಿಗೆ ತಡ ಅಂದವರ ಮನೆಗೆ ಹೋಗಿ ಹೇಳಿ ಬಂದೆ, ಸಣ್ಣ ಬುದ್ಧಿ ಅಂದುಕೊಳ್ಳಿ. ಅವತ್ತಿನಿಂದ ಸೆರಗು ಸರಿಸಿ ಹೊಟ್ಟೆಗೆ "ಭೋ" ಅನ್ನುವುದೂ ಶುರುವಾಯಿತು. ಅಷ್ಟೊತ್ತಿಗೆ ಒಳಗಿನವರಿಗೆ ಹೊರಗಿನ ಸದ್ದು ಕೇಳಿಸುತ್ತದೆ, ಅಲ್ವಾ. ಇವನ ದನಿ ಅದಕ್ಕೆ ಹೊಸದಾಗಿರಲಿಕ್ಕಿಲ್ಲ.

ಈಗ ಒಂಬತ್ತು ತುಂಬುತ್ತಿದೆ. ಮೊದಲ ಹೆರಿಗೆ ತವರಲ್ಲಾಗಿತ್ತು, ಇದು ಇಲ್ಲೇ. ಆಸ್ಪತ್ರೆಯ ರಾತ್ರಿಗಳಿಗೆ ಅಂತ ವಾರದಿಂದ ಅವನನ್ನು ಅಜ್ಜಿ ಹತ್ತಿರ ಮಲಗಿಸಿ ಅಭ್ಯಾಸ ಮಾಡಿಸುತ್ತಿದ್ದೇವೆ. ಐದು ರಾತ್ರಿಯಲ್ಲಿ ಎರಡು ರಾತ್ರಿ ಮಲಗಿದ. ಮೂರು ರಾತ್ರಿ ಒಂದೂವರೆ ಗಂಟೆಗೆಲ್ಲ ದಿಂಬು ಎಳೆದುಕೊಂಡು ನನ್ನ ಬಾಗಿಲಿಗೆ ಬಂದ, "ಉಪ್ಪಾ" ಅಂತ.