ಎಲೆ ಬಿಡುವ ನೀರನ್ನು ಮನೆಯಲ್ಲೇ ಅಳೆಯುವುದು ಹೇಗೆ?

ಗಿಡಕ್ಕೆ ನೀರು ಹಾಕುತ್ತೇವೆ, ಬೇರು ಹೀರುತ್ತದೆ. ಹೀರಿದ್ದರಲ್ಲಿ ಗಿಡ ತನಗೆಂದು ಉಳಿಸಿಕೊಳ್ಳುವುದು ಬಹಳ ಕಡಿಮೆ. ನೂರು ಲೋಟ ಕುಡಿದರೆ ಸಾಮಾನ್ಯವಾಗಿ 95ಕ್ಕೂ ಹೆಚ್ಚು ಲೋಟ ಎಲೆಗಳಿಂದ ಆವಿಯಾಗಿ ಹೋಗುತ್ತದೆ. ಪಠ್ಯಪುಸ್ತಕದಲ್ಲಿ ಇದಕ್ಕೆ ಬಾಷ್ಪವಿಸರ್ಜನೆ ಎಂದು ಹೆಸರು. ಹೆಸರನ್ನು ಸುಮ್ನೆ ಬಾಯಿಪಾಠ ಮಾಡುವುದಕ್ಕಿಂತ ಒಮ್ಮೆ ಕಣ್ಣಾರೆ ನೋಡುವುದು ಒಳ್ಳೆಯದು ಅಲ್ವಾ?

ಮೊದಲು ಚೀಲ ಕಟ್ಟಿ

ದಾಸವಾಳದಂಥ ಅಗಲ ಎಲೆಯ ಗಿಡ ಆರಿಸಿಕೊಳ್ಳಿ. ಒಂದು ಕೊಂಬೆಯ ಎಲೆಗಳನ್ನೆಲ್ಲ ಹಿಂದಿನ ದಿನವೇ ಕಿತ್ತಿಡಿ, ಗಾಯ ಒಣಗಲಿ. ಮಾರನೇ ದಿನ ಬಿಸಿಲು ಬಂದ ಮೇಲೆ, ಎಲೆ ತುಂಬಿದ ಇನ್ನೊಂದು ಕೊಂಬೆಗೆ ಒಣಗಿದ ಪಾರದರ್ಶಕ ಪ್ಲಾಸ್ಟಿಕ್ ಚೀಲ ತೊಡಿಸಿ ಬಾಯಿಯನ್ನು ದಾರದಿಂದ ಬಿಗಿಯಾಗಿ ಕಟ್ಟಿ. ಎಲೆಯ ಮೇಲೆ ಇಬ್ಬನಿ ಇದ್ದರೆ ಮೊದಲೇ ಒರೆಸಿ. ಬೋಳು ಕೊಂಬೆಗೂ ಅಂಥದೇ ಚೀಲ ಕಟ್ಟಿ. ಈ ಎರಡನೇ ಚೀಲವನ್ನು ಬಿಟ್ಟುಬಿಡುವವರೇ ಜಾಸ್ತಿ. ಅದಿಲ್ಲದಿದ್ದರೆ ಹನಿಗಳು ಎಲೆಯಿಂದ ಬಂದವೋ, ಚೀಲದೊಳಗಿನ ಗಾಳಿಯಿಂದ ಬಂದವೋ ಎಂದು ಹೇಳಲು ಆಗುವುದಿಲ್ಲ.

ಎರಡು ಗಂಟೆ ಸಾಕು. ಎಲೆಯಿರುವ ಚೀಲದ ಒಳಗೆಲ್ಲ ಮಂಜು ಕವಿದು, ಮೂಲೆಯಲ್ಲಿ ನೀರು ಕೂಡಿಕೊಂಡಿರುತ್ತದೆ. ಇನ್ನೊಂದು ಹೆಚ್ಚುಕಡಿಮೆ ಒಣಗಿಯೇ ಇರುತ್ತದೆ. ನೋಡಿದ ಕೂಡಲೇ ಚೀಲ ಬಿಚ್ಚಿಬಿಡಿ. ಹಾಗೇ ಬಿಟ್ಟರೆ ಒಳಗೆ ಬಿಸಿ ಹೆಚ್ಚಿ ಎಲೆ ಬೆಂದುಹೋಗುತ್ತದೆ.

ನೀರು ಹೊರಡುವುದು ಎಲ್ಲಿಂದ?

ಒಂದೇ ಅಳತೆಯ ನಾಲ್ಕು ಎಲೆ ಕೀಳಿ. ನಾಲ್ಕರ ತೊಟ್ಟಿನ ತುದಿಗೂ ವ್ಯಾಸಲೀನ್ ಹಚ್ಚಿ. ಒಂದನ್ನು ಹಾಗೇ ಬಿಡಿ. ಎರಡನೆಯದಕ್ಕೆ ಮೇಲ್ಮೈಗೆ ಮಾತ್ರ, ಮೂರನೆಯದಕ್ಕೆ ಕೆಳಮೈಗೆ ಮಾತ್ರ, ನಾಲ್ಕನೆಯದಕ್ಕೆ ಎರಡೂ ಕಡೆ ವ್ಯಾಸಲೀನ್ ಸವರಿ, ದಾರದಲ್ಲಿ ನೇತುಹಾಕಿ. ಒಂದೆರಡು ದಿನದಲ್ಲಿ ಮೊದಲ ಎರಡು ಬಾಡುತ್ತವೆ. ಕೆಳಮೈ ಮುಚ್ಚಿದ ಎಲೆಗಳು ಹೆಚ್ಚು ಹೊತ್ತು ಹಸಿಯಾಗಿರುತ್ತವೆ. ಅಂದರೆ ನೀರಾವಿ ಹೊರಹೋಗುವ ಬಾಗಿಲುಗಳು ಹೆಚ್ಚಾಗಿ ಕೆಳಗಡೆ ಇವೆ. ಎಲ್ಲ ಗಿಡದಲ್ಲೂ ಹೀಗಿಲ್ಲ. ನೀರಿನ ಮೇಲೆ ತೇಲುವ ನೈದಿಲೆಯ ಎಲೆಗೆ ಅವು ಮೇಲ್ಮೈಯಲ್ಲೇ ಇರುತ್ತವೆ.

ಮೈಕ್ರೋಸ್ಕೋಪ್ ಸಿಕ್ಕಿದರೆ ಈ ಬಾಗಿಲುಗಳನ್ನೇ ನೋಡಬಹುದು. ರೋಮವಿಲ್ಲದ ಎಲೆಯ ಕೆಳಮೈಗೆ ಬಣ್ಣವಿಲ್ಲದ ನೇಲ್ ಪಾಲಿಶ್ ತೆಳ್ಳಗೆ ಹಚ್ಚಿ. ಪೂರ್ತಿ ಒಣಗಿದ ಮೇಲೆ ಪಾರದರ್ಶಕ ಟೇಪ್ ಅಂಟಿಸಿ ನಿಧಾನವಾಗಿ ಎಬ್ಬಿಸಿ, ಗಾಜಿನ ಮೇಲೆ ಅಂಟಿಸಿ. ತುಟಿಗಳಂತೆ ಕಾಣುವ ಎರಡೆರಡು ಕೋಶಗಳು, ನಡುವೆ ಒಂದು ಸೀಳು. ಇವೇ ಪತ್ರರಂಧ್ರಗಳು. ಆ ಕೋಶಗಳು ನೀರು ತುಂಬಿ ಉಬ್ಬಿದಾಗ ಬಾಗಿ ಸೀಳು ತೆರೆಯುತ್ತದೆ. ನೀರು ಕಡಿಮೆಯಾಗಿ ಸೊರಗಿದಾಗ ಮುಚ್ಚುತ್ತದೆ. ನಾನು ಮೊದಲ ಸಲ ಇದನ್ನು ನೋಡಿದಾಗ ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ.

ಇದನ್ನು ಸೋರಿಕೆ ಎಂದುಕೊಳ್ಳಬೇಡಿ. ಗಿಡ ತನ್ನ ಆಹಾರ ತಯಾರಿಸಲು ಗಾಳಿಯಿಂದ ಕಾರ್ಬನ್ ಡೈಆಕ್ಸೈಡ್ ಒಳಗೆ ಬರಬೇಕು. ಅದು ಬರುವುದೂ ಇದೇ ಬಾಗಿಲಿನಿಂದ. ಎಲೆಯ ಒಳಗು ಒದ್ದೆ, ಹೊರಗಿನ ಗಾಳಿ ಒಣ. ಬಾಗಿಲು ತೆರೆದರೆ ನೀರಾವಿ ಹೋಗಿಯೇ ಹೋಗುತ್ತದೆ. ಹಾಗೆ ಹೋಗುವಾಗ ಎಲೆಯನ್ನು ತಂಪು ಮಾಡುತ್ತದೆ. ಬೇರಿನಿಂದ ತುದಿಯವರೆಗೆ ಸಣ್ಣ ನಾಳಗಳಲ್ಲಿ ನೀರಿನ ಕಣಗಳು ಒಂದಕ್ಕೊಂದು ಹಿಡಿದುಕೊಂಡಿರುತ್ತವೆ. ಮೇಲೆ ಆವಿಯಾದ ಹಾಗೆ ಕೆಳಗಿನ ನೀರು ಎಳೆದುಕೊಂಡು ಬರುತ್ತದೆ. 1894ರಲ್ಲಿ ಡಿಕ್ಸನ್ ಮತ್ತು ಜಾಲಿ ಎಂಬ ಇಬ್ಬರು ವಿಜ್ಞಾನಿಗಳು ಈ ವಿವರಣೆ ಕೊಟ್ಟರು. ಎತ್ತರದ ಮರದ ತುದಿಗೆ ಪಂಪಿಲ್ಲದೆ ನೀರು ಏರುವ ಗುಟ್ಟು ಇದೇ.

ಈಗ ತೂಗಿ

ನನಗೆ ಎಲ್ಲಕ್ಕಿಂತ ಇಷ್ಟವಾದ ಹೆಜ್ಜೆ ಇದು. ಸಣ್ಣ ಕುಂಡದ ಗಿಡಕ್ಕೆ ನೀರು ಹಾಕಿ, ಹೆಚ್ಚಿನದು ಬಸಿದುಹೋಗಲು ಬಿಡಿ. ಮಣ್ಣಿನಿಂದ ಆವಿ ಹೋಗದಂತೆ ಕುಂಡವನ್ನೂ ಮಣ್ಣನ್ನೂ ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಕಾಂಡದ ಬುಡಕ್ಕೆ ಕಟ್ಟಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿಟ್ಟು ತೂಕ ಬರೆದುಕೊಳ್ಳಿ. ಬೆಳಿಗ್ಗೆ, ಸಂಜೆ, ಮತ್ತೆ ಬೆಳಿಗ್ಗೆ ತೂಗಿ. ಒಂದು ಗ್ರಾಂ ಇಳಿದರೆ ಹೆಚ್ಚುಕಡಿಮೆ ಒಂದು ಮಿಲಿಲೀಟರ್ ನೀರು ಹೋಗಿದೆ ಎಂದು ಲೆಕ್ಕ. ಗಾಳಿಯಿರುವ ಬಿಸಿಲ ದಿನ ಒಮ್ಮೆ, ಮೋಡದ ದಿನ ಇನ್ನೊಮ್ಮೆ ಮಾಡಿ ಹೋಲಿಸಿ.

ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ 1724ರಲ್ಲಿ ಇದನ್ನೇ ಮಾಡಿದರು. ಮೂರೂವರೆ ಅಡಿಯ ಸೂರ್ಯಕಾಂತಿ ಗಿಡದ ಕುಂಡಕ್ಕೆ ಸೀಸದ ತಗಡು ಮುಚ್ಚಿ 15 ದಿನ ತೂಗಿದರು. ಹಗಲಿನ 12 ಗಂಟೆಯಲ್ಲಿ ಸರಾಸರಿ 20 ಔನ್ಸ್, ಅಂದರೆ ಅರ್ಧ ಕಿಲೋಗಿಂತ ಜಾಸ್ತಿ ನೀರು ಹೋಗಿತ್ತು. ಒಣ ಹವೆಯ ಬೆಚ್ಚಗಿನ ರಾತ್ರಿಯಲ್ಲಿ ಹೋಗಿದ್ದು ಸುಮಾರು 3 ಔನ್ಸ್ ಮಾತ್ರ. ನಿಮ್ಮ ಪಟ್ಟಿಯಲ್ಲೂ ರಾತ್ರಿಯ ಅಂಕಿ ಚಿಕ್ಕದಾಗಿಯೇ ಬರುತ್ತದೆ. ಕತ್ತಲಾದ ಮೇಲೆ ಪತ್ರರಂಧ್ರಗಳು ಬಹುಪಾಲು ಮುಚ್ಚಿಕೊಳ್ಳುತ್ತವೆ.

ತಾಳ್ಮೆ ಇದ್ದರೆ ಪಾಪಾಸುಕಳ್ಳಿಯ ಕುಂಡವನ್ನೂ ಹೀಗೇ ತೂಗಿ. ಅದು ಬಾಗಿಲು ತೆರೆಯುವುದು ರಾತ್ರಿ, ಹಗಲೆಲ್ಲ ಮುಚ್ಚಿಯೇ ಇರುತ್ತದೆ. ಇಳಿಯುವ ತೂಕ ತೀರಾ ಕಡಿಮೆ. ಹಾಗಾಗಿ ಗ್ರಾಂನ ಹತ್ತನೇ ಒಂದು ಭಾಗ ತೋರಿಸುವ ತಕ್ಕಡಿ ಬೇಕಾಗುತ್ತದೆ.