ಸನ್ನಿವೇಲ್, ಕ್ಯುಪರ್ಟಿನೊಗೆ ಹೊಸದಾಗಿ ಬಂದವರಿಗೆ: ನಮ್ಮ 26ನೇ ಅಸೆಂಬ್ಲಿ ಕ್ಷೇತ್ರ

ಊರಿನಲ್ಲಿ ಎಂಎಲ್‌ಎ ಅಂದರೆ ಚರಂಡಿಯಿಂದ ಹಿಡಿದು ವರ್ಗಾವಣೆಯವರೆಗೆ ಎಲ್ಲಕ್ಕೂ ಬೇಕಾಗುವವರು. ಬೆಳಿಗ್ಗೆ ಅರ್ಜಿ ಹಿಡಿದು ಮನೆ ಮುಂದೆ ನಿಂತರೆ ಶಿಫಾರಸು ಪತ್ರವಾದರೂ ಸಿಕ್ಕೀತು. ಆ ಲೆಕ್ಕ ಇಟ್ಟುಕೊಂಡು ನಮ್ಮವರು ಇಲ್ಲಿ, ಕ್ಯಾಲಿಫೋರ್ನಿಯಾದಲ್ಲಿ, ಅಸೆಂಬ್ಲಿ (ರಾಜ್ಯ ಶಾಸನಸಭೆಯ ಕೆಳಮನೆ) ಮೆಂಬರ್ ಆಫೀಸಿಗೆ ಗ್ರೀನ್ ಕಾರ್ಡ್ ಫೈಲು ಹೊತ್ತುಕೊಂಡು ಹೋಗುತ್ತಾರೆ. ಅದು ಫೆಡರಲ್, ಅಂದರೆ ಕೇಂದ್ರ ಸರ್ಕಾರದ ಕೆಲಸ, ಕಾಂಗ್ರೆಸ್ (ಅಮೆರಿಕದ ಸಂಸತ್ತು) ಸದಸ್ಯರ ಆಫೀಸಿಗೆ ಹೋಗಿ. ರಸ್ತೆಗುಂಡಿ ಸಿಟಿಯದ್ದು, ಶಾಲೆಯ ಗಡಿ ಸ್ಕೂಲ್ ಬೋರ್ಡಿನದ್ದು. ಅಸೆಂಬ್ಲಿ ಆಫೀಸು ನಿಜಕ್ಕೂ ಉಪಯೋಗಕ್ಕೆ ಬರುವುದು ರಾಜ್ಯದ ಇಲಾಖೆಯಲ್ಲಿ ಕಡತ ಸಿಕ್ಕಿಕೊಂಡಾಗ: ಉದ್ಯೋಗ ಇಲಾಖೆ ಇಡಿಡಿಯಲ್ಲಿ ನಿಂತುಹೋದ ನಿರುದ್ಯೋಗ ಭತ್ಯೆ, ಬಾಣಂತನದ ರಜೆಯ ಹಣ, ವಾಹನ ಇಲಾಖೆ ಡಿಎಂವಿಯಿಂದ ಬಾರದ ಲೈಸೆನ್ಸು, ರಾಜ್ಯದ ತೆರಿಗೆಯ ತಕರಾರು. ಕೇಸ್ ನಂಬರ್, ಫೋನ್ ಮಾಡಿದ ತಾರೀಖುಗಳು, ಬಂದ ಪತ್ರಗಳ ಪ್ರತಿ ಒಟ್ಟಿಗೇ ಕೊಡಿ. ಒಪ್ಪಿಗೆ ಪತ್ರಕ್ಕೆ ಸಹಿ ಕೇಳುತ್ತಾರೆ, ಹಾಕಿ.

ಕ್ಷೇತ್ರದ ನಂಬರ್ ನಂಬಿಕೊಂಡು ಕೂರಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಅಸೆಂಬ್ಲಿ ಕ್ಷೇತ್ರಗಳು 80, ಒಂದೊಂದರಲ್ಲಿ ಸುಮಾರು 5 ಲಕ್ಷ ಜನ, ಎರಡು ವರ್ಷಕ್ಕೊಮ್ಮೆ ಚುನಾವಣೆ. ಜನಗಣತಿ ಆದಮೇಲೆ 14 ಜನರ ನಾಗರಿಕ ಆಯೋಗ ಗೆರೆಗಳನ್ನು ಹೊಸದಾಗಿ ಎಳೆಯುತ್ತದೆ. ಸನ್ನಿವೇಲ್, ಕ್ಯುಪರ್ಟಿನೊ ಎರಡೂ ಮೊದಲು 22ರಲ್ಲಿದ್ದವು: 2002ರಿಂದ ಸ್ಯಾಲಿ ಲೀಬರ್, 2008ರಿಂದ ಪಾಲ್ ಫಾಂಗ್. 2012ರಲ್ಲಿ ಅಕ್ಕಪಕ್ಕದ ಊರುಗಳು ಪಾಲಾದವು. ಸನ್ನಿವೇಲ್ 24ಕ್ಕೆ ಹೋಗಿ ರಿಚ್ ಗಾರ್ಡನ್, ಆಮೇಲೆ ಮಾರ್ಕ್ ಬರ್ಮನ್ ಅವರ ಪಾಲಿಗೆ ಬಂತು. ಕ್ಯುಪರ್ಟಿನೊ 28ಕ್ಕೆ ಹೋಗಿ ಫಾಂಗ್, 2014ರಿಂದ ಎವನ್ ಲೋ ಕೈಗೆ. 2022ರಲ್ಲಿ ಎರಡೂ 26ರಲ್ಲಿ ಮತ್ತೆ ಸೇರಿದವು. ಹಾಗಾಗಿ ಹಳಬರು ಯಾರಾದರೂ ‘ನಮ್ಮದು ಇಪ್ಪತ್ತೆಂಟು’ ಅಂದರೆ ಹೂಂ ಅನ್ನಿ, ಆದರೆ ವಿಳಾಸ ಹಾಕಿ ಒಮ್ಮೆ ನೋಡಿಕೊಳ್ಳಿ. ಲೀಬರ್, ಫಾಂಗ್ ಇಬ್ಬರೂ ಆರಾರು ವರ್ಷಕ್ಕೇ ಇಳಿದದ್ದು ಜನ ಬೇಡವೆಂದದ್ದಕ್ಕಲ್ಲ, ಆಗಿನ ಅವಧಿ ಮಿತಿಯೇ ಅಷ್ಟು. 2012ರಲ್ಲಿ ಜನಮತದಿಂದ ಬಂದ ನಿಯಮದಲ್ಲಿ ಎರಡೂ ಸದನ ಸೇರಿ 12 ವರ್ಷ.

ಲೋ ಅವರ ಜಾಗಕ್ಕೆ 2024ರಲ್ಲಿ ಬಂದ ಪ್ಯಾಟ್ರಿಕ್ ಆರೆನ್ಸ್ ಮೊದಲು ಲೋ ಆಫೀಸಿನಲ್ಲೇ ಕ್ಷೇತ್ರ ನಿರ್ದೇಶಕರಾಗಿದ್ದವರು. ಫೋನ್ ಎತ್ತಿದ ಹುಡುಗ ಹುಡುಗಿಯರ ಮೇಲೆ ರೇಗಬೇಡಿ ಅಂತ ಹೇಳುವುದು ಇದಕ್ಕೇ. ಆ ನವೆಂಬರಿನಲ್ಲಿ ಅವರ ಎದುರಾಳಿ ತಾರಾ ಶ್ರೀಕೃಷ್ಣನ್ ಕೂಡ ಡೆಮಾಕ್ರಟ್. ಪ್ರೈಮರಿ ಎಂಬ ಮೊದಲ ಸುತ್ತಿನಲ್ಲಿ ಪಕ್ಷ ಯಾವುದೇ ಇರಲಿ, ಮೊದಲ ಇಬ್ಬರು ಮಾತ್ರ ಕೊನೆಯ ಸುತ್ತಿಗೆ. ಚಿಹ್ನೆ ನೋಡಿ ಒತ್ತುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಪ್ರೈಮರಿಯಲ್ಲಿ ಮಲಗಿದ್ದು ನವೆಂಬರಿನಲ್ಲಿ ಎದ್ದರೆ ಅರ್ಧ ಆಟ ಮುಗಿದಿರುತ್ತದೆ.

ನಮ್ಮವರು ನಿಜವಾಗಿ ಕಾಲು ಸುಟ್ಟುಕೊಳ್ಳುವುದು ಡಿಎಂವಿಯಲ್ಲಿ. ಲೈಸೆನ್ಸು ಅರ್ಜಿಯ ಜೊತೆಗೇ ಮತದಾರರ ನೋಂದಣಿಯ ಪ್ರಶ್ನೆಯೂ ಬರುತ್ತದೆ. ಟಚ್ ಸ್ಕ್ರೀನಿನಲ್ಲಿ ‘ಹೌದು, ಹೌದು’ ಒತ್ತುತ್ತಾ ಹೋಗುವ ನಮ್ಮ ಅವಸರಕ್ಕೆ ಇದಕ್ಕಿಂತ ಕೆಟ್ಟ ಜಾಗ ಇಲ್ಲ. ಎಚ್1ಬಿ ಕೆಲಸದ ವೀಸಾ ಇರಲಿ, ಗ್ರೀನ್ ಕಾರ್ಡೇ ಇರಲಿ, ನಾಗರಿಕರಲ್ಲದವರು ‘ನಾಗರಿಕ’ ಎಂದು ಒಪ್ಪಿದರೆ ಮುಂದೆ ಪೌರತ್ವಕ್ಕೇ ಕುತ್ತು, ಗಡೀಪಾರಿನವರೆಗೂ ಹೋಗಬಹುದು. ತಪ್ಪಿ ಮನೆಗೆ ಬ್ಯಾಲೆಟ್ ಬಂದರೆ ಮುಟ್ಟಬೇಡಿ. ವಕೀಲರನ್ನು ಕೇಳಿ, ಕೌಂಟಿಯ (ಜಿಲ್ಲಾಡಳಿತದ) ಚುನಾವಣಾ ಕಚೇರಿಗೆ ಬರೆದು ಹೆಸರು ತೆಗೆಸಿ, ಆ ಪತ್ರದ ಪ್ರತಿ ಜೋಪಾನವಾಗಿಡಿ. ಚುನಾವಣಾ ದೇಣಿಗೆಯೂ ಹಾಗೆಯೇ: ಗ್ರೀನ್ ಕಾರ್ಡ್ ಇದ್ದವರು ಕೊಡಬಹುದು, ಎಚ್1ಬಿಯವರು ಹತ್ತು ಡಾಲರ್ ಕೂಡ ಕೊಡಬಾರದು. ಸ್ನೇಹಿತರ ಮನೆಯ ಚಹಾಕೂಟದಲ್ಲಿ ತಟ್ಟೆ ಸುತ್ತಿ ಬಂದಾಗ ಸಂಕೋಚಕ್ಕೆ ಚೆಕ್ ಬರೆಯಬೇಡಿ.

ಮತವಿಲ್ಲದಿದ್ದರೂ ಬಾಯಿ ಇದೆ. ಮಸೂದೆ ಸಮಿತಿಗೆ ಬಂದಾಗ ಯಾರು ಬೇಕಾದರೂ ರಾಜಧಾನಿ ಸ್ಯಾಕ್ರಮೆಂಟೊಗೆ ಹೋಗಿ ಮಾತಾಡಬಹುದು. ಆದರೆ ಮುಖ್ಯ ಸಾಕ್ಷಿಗಳು ಸಾಮಾನ್ಯವಾಗಿ ಪರ ಇಬ್ಬರು, ವಿರೋಧ ಇಬ್ಬರು. ಉಳಿದವರಿಗೆ ಮೈಕಿನಲ್ಲಿ ಹೆಸರು, ಊರು, ಪರವೋ ವಿರೋಧವೋ, ಅಷ್ಟೇ. ಭಾಷಣ ಬರೆದುಕೊಂಡು ಹೋದವರು ಅದನ್ನು ಜೇಬಿನಲ್ಲಿಟ್ಟುಕೊಂಡೇ ವಾಪಸ್ಸು. ವಾದವೆಲ್ಲ ಲಿಖಿತ ಪತ್ರದಲ್ಲಿರಲಿ, ಅದೂ ಸಮಿತಿ ವಿಶ್ಲೇಷಣೆ ಬರೆಯುವ ಮುಂಚೆ, ಅಂದರೆ ವಿಚಾರಣೆಗೆ ಒಂದು ವಾರಕ್ಕೂ ಮೊದಲೇ ತಲುಪಬೇಕು. 2023ರಲ್ಲಿ ಸೆನೆಟರ್ ಆಯಿಷಾ ವಹಾಬ್ ತಂದ ಜಾತಿ ತಾರತಮ್ಯದ ಮಸೂದೆ, ಎಸ್‌ಬಿ 403, ಬಂದಾಗ ಭಾರತೀಯರೇ ಎರಡೂ ಕಡೆ ಸಾಲು ನಿಂತಿದ್ದರು. ಎರಡೂ ಸದನ ಪಾಸು ಮಾಡಿದ್ದನ್ನು ಅಕ್ಟೋಬರಿನಲ್ಲಿ ಗವರ್ನರ್ ನ್ಯೂಸಮ್ ತಡೆದರು. ಊರು ಬಿಟ್ಟು ಬಂದರೂ ಯಾವುದು ಬೆನ್ನಿಗೆ ಬಂದಿದೆ ಅನ್ನುವುದು ಆ ಸಾಲುಗಳಲ್ಲೇ ಕಾಣುತ್ತಿತ್ತು.

ರಾಜ್ಯೋತ್ಸವಕ್ಕೆ ಅಭಿನಂದನಾ ಪತ್ರ ಬೇಕಾದರೆ ಕೆಲವು ವಾರ ಮೊದಲೇ ಅಸೆಂಬ್ಲಿ ಆಫೀಸಿಗೆ ಇಮೇಲ್ ಮಾಡಿ, ಹೆಸರುಗಳ ಸ್ಪೆಲ್ಲಿಂಗ್ ನೀವೇ ಕೊಡಿ.

ಪೌರತ್ವ ಬಂದವರಿಗೆ ಇನ್ನೊಂದು ಗಂಡಾಂತರ, ಸಹಿ. ಅಂಚೆ ಬ್ಯಾಲೆಟ್ಟಿನ ಲಕೋಟೆ ಮೇಲಿನ ಸಹಿಯನ್ನು ಹಳೆಯ ದಾಖಲೆಗೆ ಹೋಲಿಸುತ್ತಾರೆ. ಡಿಎಂವಿಯಲ್ಲಿ ಅಭಿಮಾನದಿಂದ ಕನ್ನಡದಲ್ಲಿ ಹಾಕಿ, ಲಕೋಟೆಗೆ ಇಂಗ್ಲಿಷಿನಲ್ಲಿ ಗೀಚಿದರೆ ತಾಳೆಯಾಗದು. ಸರಿಪಡಿಸಲು ಕೌಂಟಿಯಿಂದ ಪತ್ರ ಬರುತ್ತದೆ, ಜಾಹೀರಾತೆಂದು ಬಿಸಾಡಬೇಡಿ. ಒಂದೊಂದು ಮತಕ್ಕೂ ಬೆಲೆ ಇದೆ: 2024ರ ಕಾಂಗ್ರೆಸ್ ಪ್ರೈಮರಿಯಲ್ಲಿ ಇದೇ ಎವನ್ ಲೋ, ಜೋ ಸಿಮಿಟಿಯನ್ ಇಬ್ಬರಿಗೂ ಎರಡನೇ ಸ್ಥಾನಕ್ಕೆ ತಲಾ 30,249 ಮತ ಬಂದು, ಮರುಎಣಿಕೆಯಲ್ಲಿ ಲೋ ಗೆದ್ದದ್ದು ಐದೇ ಮತದಿಂದ.

ಊರಿನ ಪಟ್ಟಿಯಲ್ಲಿ ಹೆಸರಿದ್ದರೂ ಎನ್‌ಆರ್‌ಐಗಳು ಅಲ್ಲಿನ ಮತಗಟ್ಟೆಗೆ ಖುದ್ದಾಗಿ ಹೋಗಬೇಕು. ಇಲ್ಲಿ ಗ್ರೀನ್ ಕಾರ್ಡ್ ಸಾಲು ಕರಗುವುದಿಲ್ಲ. ಎರಡೂ ಕಡೆ ಮತವಿಲ್ಲದೆ ಹದಿನೈದು ವರ್ಷ ದುಡಿದು ತೆರಿಗೆ ಕಟ್ಟುವವರು ನಮ್ಮಲ್ಲಿ ಎಷ್ಟೋ ಜನ. ಎಷ್ಟೋ ಮನೆಗಳಲ್ಲಿ ಮೊದಲ ಬ್ಯಾಲೆಟ್ ಬರುವುದು ಇಲ್ಲೇ ಹುಟ್ಟಿದ ಮಗಳ ಹೆಸರಿಗೆ. 16 ತುಂಬಿದ ಮೇಲೆ ಅವಳು ಮುಂಗಡ ನೋಂದಾಯಿಸಿಕೊಳ್ಳಬಹುದು, ಜಿಪಿಎ (ಶಾಲೆಯ ಸರಾಸರಿ ಅಂಕ) 2.5 ಇದ್ದು ಶಾಲೆ ಒಪ್ಪಿದರೆ ವೋಟ್ ಸೆಂಟರಿನಲ್ಲಿ ಕೆಲಸವನ್ನೂ ಮಾಡಬಹುದು. ಗ್ರೀನ್ ಕಾರ್ಡ್ ಇರುವ ಅಪ್ಪ ಅಮ್ಮನಿಗೂ ಆ ಕೆಲಸಕ್ಕೆ ಅವಕಾಶವಿದೆ, ಭತ್ಯೆಯೂ ಉಂಟು. ಕೌಂಟಿಗೆ ಬೇಗ ಅರ್ಜಿ ಹಾಕಿ, ತರಬೇತಿ ತಪ್ಪಿಸಬೇಡಿ.